ಹಸಿರು ದೀಪದ ಸುಳ್ಳು

ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಹಸಿರು ಅಂದರೆ ಗಾಳಿ ಶುದ್ಧವಾಗಿದೆ ಅಂತ ಅರ್ಥ. ಅದರ ಕೆಳಗೇ ನನ್ನ ತಂಗಿ ಕುಸಿದು ಕೂತು ಕೆಮ್ಮುತ್ತಿದ್ದಳು. ನನ್ನ ಕಣ್ಣಿಗೆ ಯಾರೋ ಖಾರದ ಪುಡಿ ಎರಚಿದ ಹಾಗಿತ್ತು.

ಕಬ್ಬಿಣದ ಬಾಗಿಲು. ಒಳಗಡೆ ಹಿಡಿಯೇ ಇಲ್ಲ. ಬಾಗಿಲಲ್ಲಿ ಅಂಗೈಯಗಲದ ಗಾಜು. ಗಾಜಿನಾಚೆ ಲ್ಯಾಬ್ ಡೈರೆಕ್ಟರ್ ಮುಖ.

ಅವನು ನಮ್ಮನ್ನು ನೋಡಲಿಲ್ಲ. ದೀಪವನ್ನು ನೋಡಿದ.

"ಹಸಿರೇ ಇದೆಯಲ್ಲಮ್ಮ," ಗೋಡೆಯ ಸ್ಪೀಕರಿನಲ್ಲಿ ಅವನ ದನಿ ಬಂತು. "ನಾಟಕ ಸಾಕು. ಕಮಿಟಿಯವರು ಹೋಗೋವರೆಗೆ ಸುಮ್ನೆ ಕೂತ್ಕೊಳ್ಳಿ."

ಮುಖ ಮರೆಯಾಯಿತು.

ನಿಲ್ಲಿ... ನಾನು ಅಲ್ಲಿಗೆ ಹೇಗೆ ಹೋದೆ ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನಂಬುವುದಿಲ್ಲ.

ಓಡಿಹೋದ ಗಂಡಂದಿರನ್ನು ಹುಡುಕಿ ತರುವುದು ನನ್ನ ಕಸುಬು. ಬೋರ್ಡ್ ಹಾಕಿಕೊಂಡಿಲ್ಲ. ಬೇಕಾದವರಿಗೆ ಮನೆ ಗೊತ್ತು. ಹೋದ ವರ್ಷ ಅಂಥವನೊಬ್ಬನ ಹಿಂದೆ ಮಹಡಿಯಿಂದ ಹಾರಿದೆ. ಗಂಡ ಸಿಕ್ಕಿದ, ಮಂಡಿ ಹೋಯಿತು. ಅಂದಿನಿಂದ ನೋವಿನ ಮುಲಾಮಿನ ಡಬ್ಬಿ ಜೇಬಿನಲ್ಲಿ ಇಲ್ಲದೆ ನಾನು ಹೊಸ್ತಿಲು ದಾಟುವುದಿಲ್ಲ. ನಾನು ಬರುವುದು ಬೀದಿಯ ಕೊನೆಗೇ ಗೊತ್ತಾಗುತ್ತದೆ ಅಂತ ತಂಗಿ ಮೂಗು ಮುಚ್ಚಿಕೊಳ್ಳುತ್ತಾಳೆ.

ಅಮ್ಮ ಹೋದಾಗ ಅವಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಎತ್ತಿ ಆಡಿಸಿದವಳು ನಾನು. ಓದಿದವಳು ಅವಳು. ಕೆಮಿಸ್ಟ್ರಿ.

ಅವಳ ಲ್ಯಾಬ್ ನಡೆಯುವುದು ಸರ್ಕಾರದ ಅನುದಾನದಲ್ಲಿ. ಜನ ತುಂಬಿದ ಜಾಗದಲ್ಲಿ ಯಾರಾದರೂ ವಿಷಗಾಳಿ ಬಿಟ್ಟರೆ ತಕ್ಷಣ ಕೂಗಿ ಎಚ್ಚರಿಸುವ ಯಂತ್ರ ಮಾಡುವುದು ಅವರ ಕೆಲಸ. ನೆಲದಡಿಯ ರೈಲ್ವೆ ಸ್ಟೇಷನ್‌ಗಳಿಗಾಗಿ. ಎರಡು ಸ್ಟೇಷನ್‌ಗಳಲ್ಲಿ ಆಗಲೇ ಕೂರಿಸಿಯೂ ಆಗಿತ್ತು. ಉಳಿದವಕ್ಕೆ ಅನುದಾನ ಕೊಡಬೇಕೋ ಬೇಡವೋ ಅಂತ ನೋಡಲು ಅವತ್ತು ಕಮಿಟಿ ಬರುವುದಿತ್ತು.

ಬೆಳಿಗ್ಗೆ ತಂಗಿ ತಟ್ಟೆ ಮುಟ್ಟಲಿಲ್ಲ.

"ಯಂತ್ರ ಸುಳ್ಳು ಹೇಳ್ತಿದೆ ಅಕ್ಕಾ. ಡೈರೆಕ್ಟರ್‌ಗೆ ಹೇಳಿ ಹೇಳಿ ಸಾಕಾಯ್ತು. ಇವತ್ತು ಕಮಿಟಿ ಮುಂದೆ ಬಾಯಿ ಬಿಡ್ತೀನಿ."

"ಬಿಡು," ಅಂದೆ. "ಬಾಗಿಲ ಹತ್ರ ನಿಂತು ಬಿಡು."

ಮಧ್ಯಾಹ್ನದ ಹೊತ್ತಿಗೆ ಅವಳ ಫೋನ್ ಆಫ್ ಆಗಿತ್ತು. ಗಂಡಂದಿರ ಫೋನ್ ಆಫ್ ಆದರೆ ನಾನು ಟೀ ಕುಡಿದು ಹೊರಡುತ್ತೇನೆ. ಅವತ್ತು ಚಪ್ಪಲಿ ಸರಿಯಾಗಿ ಮೆಟ್ಟಲೂ ಇಲ್ಲ.

ಲ್ಯಾಬಿನ ಗೇಟಿನಲ್ಲಿ ಕಮಿಟಿಯ ಕಾರುಗಳು ನಿಂತಿದ್ದವು. ಕಂಕುಳಲ್ಲಿ ಒಂದು ಖಾಲಿ ಫೈಲ್ ಇಟ್ಟುಕೊಂಡು ಅವರ ಹಿಂದೆಯೇ ನಡೆದೆ. ಫೈಲ್ ಹಿಡಿದು ಕುಂಟುವ ಹೆಂಗಸನ್ನು ಜಗತ್ತಿನ ಯಾವ ಕಾವಲುಗಾರನೂ ತಡೆಯುವುದಿಲ್ಲ.

ಕಾವಲುಗಾರ ತಡೆಯಲಿಲ್ಲ. ಯಂತ್ರ ತಡೆಯಿತು.

ಬಾಗಿಲ ಮೇಲಿದ್ದ ಪೆಟ್ಟಿಗೆಯ ಹಸಿರು ದೀಪ ನಾನು ಕಾಲಿಡುತ್ತಲೇ ಕೆಂಪಾಯಿತು. ಸೈರನ್ ಕಿವಿ ಹರಿದುಹೋಗುವ ಹಾಗೆ ಕೂಗಿತು. ಒಬ್ಬ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ತಂದು ನನ್ನ ತಲೆಯಿಂದ ಕೆಳಗೆ ಆಡಿಸಿದ. ಮಂಡಿಯ ಹತ್ತಿರ ಅದೂ ಅರಚಿತು.

ಡೈರೆಕ್ಟರ್ ಓಡಿ ಬಂದ. ಬಿಳಿ ಕೋಟು, ಇಸ್ತ್ರಿ ಮಾಡಿದಂಥ ನಗು. ಇದು ಬರೀ ಟ್ರಯಲ್, ನಮ್ಮ ಯಂತ್ರ ಎಷ್ಟು ಚುರುಕು ನೋಡಿ ಅಂತ ಕಮಿಟಿಗೆ ಹೇಳಿದ. ಆಮೇಲೆ ನನ್ನ ಮುಖ ನೋಡಿದ. ನನಗೂ ತಂಗಿಗೂ ಹುಬ್ಬು ಒಂದೇ ಅಚ್ಚು.

ನಗು ಹಾಗೇ ಇತ್ತು. ಕಣ್ಣು ಮಾತ್ರ ಪಕ್ಕದಲ್ಲಿದ್ದ ಡ್ರೈವರ್ ಕಡೆ ಹೊರಳಿತು. ಅವನನ್ನು ಎಲ್ಲರೂ ಗೂಳಿ ಅನ್ನುತ್ತಿದ್ದರು. ಕತ್ತು ನೋಡಿದರೆ ಸಾಕು, ಯಾಕೆ ಅಂತ ಕೇಳಬೇಕಾಗಿರಲಿಲ್ಲ.

ಟಾಯ್ಲೆಟ್ ಎಲ್ಲಿ ಅಂತ ಕೇಳಿ ಜಾರಿಕೊಂಡೆ. ಮಂಡಿ ತೊಳೆದೆ. ಹಿಂಬಾಗಿಲಿನಿಂದ ಉದ್ದನೆಯ ಓಣಿಗೆ ಬಿದ್ದೆ.

ಹಿಂದೆ ಬೂಟಿನ ಸದ್ದು.

ನಡಿಗೆ ಜೋರು ಮಾಡಿದೆ. ಸದ್ದೂ ಜೋರಾಯಿತು. ಓಡಿದೆ... ಅದನ್ನು ಓಟ ಅನ್ನಬಾರದು, ಕುಂಟಾಬಿಲ್ಲೆ ಅನ್ನಬೇಕು. ಮೆಟ್ಟಿಲು ಇಳಿದೆ. ನೆಲಮಾಳಿಗೆ. ಸಾಲಾಗಿ ಮುಚ್ಚಿದ ಬಾಗಿಲುಗಳು. ಕೊನೆಯದರ ಒಳಗಿನಿಂದ ಯಾರೋ ಬಡಿಯುತ್ತಿದ್ದರು.

ಗಾಜಿನಲ್ಲಿ ತಂಗಿಯ ಮುಖ!

ಹೊರಗಡೆ ಒಂದು ಗುಂಡಿ. ಒತ್ತಿದೆ. ಬಾಗಿಲು ತೆರೆಯಿತು. ಅವಳ ಮುಷ್ಟಿಯಲ್ಲಿ ಬೆರಳುದ್ದದ ಗಾಜಿನ ಶೀಶೆ. ಕಮಿಟಿಗೆ ತೋರಿಸಲು ಎತ್ತಿಟ್ಟುಕೊಂಡಿದ್ದ ನಿಜವಾದ ವಿಷ. ಹೆಬ್ಬೆರಳಿನಿಂದ ಬಿರಡೆ ಒತ್ತಿ ಹಿಡಿದಿದ್ದಳು.

"ಅಕ್ಕಾ, ಹಿಂದೆ..."

ಗೂಳಿ ಗುದ್ದಿದ. ನಾನು ಅವಳ ಮೇಲೆ ಬಿದ್ದೆ. ಬಾಗಿಲು ಮುಚ್ಚಿಕೊಂಡಿತು. ಶೀಶೆ ನೆಲಕ್ಕೆ ಬಿದ್ದು ಚೂರಾಯಿತು. ತೇವವಾದ ಜಾಗದಿಂದ ಬಿಳಿ ಆವಿ ನಿಧಾನವಾಗಿ ತಲೆ ಎತ್ತಿತು, ಅವಸರವೇ ಇಲ್ಲದ ಹಾಗೆ.

ಗಾಜಿನಾಚೆ ಗೂಳಿಯ ಮುಖ ಬಿಳಿಚಿಕೊಂಡಿತು. ಪಾಪ, ಅವನೇ ಓಡಿಹೋಗಿ ಡೈರೆಕ್ಟರ್‌ನನ್ನು ಕರೆದು ತಂದ. ಡೈರೆಕ್ಟರ್ ದೀಪ ನೋಡಿದ. ಹಸಿರು. ಆಮೇಲೆ ಏನಾಯಿತು ಅಂತ ಆಗಲೇ ಹೇಳಿದೆ.

ಅವನಿಗೆ ಕೊಲ್ಲುವ ಮನಸ್ಸಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ಕೊಲ್ಲುವವನಿಗೆ ಕೈಮುಗಿಯಬಹುದು, ಕಾಸು ಕೊಡಬಹುದು, ಬಯ್ಯಬಹುದು. ದೀಪವನ್ನು ನಂಬಿದವನಿಗೆ ಏನು ಹೇಳುವುದು?

ತಂಗಿಯ ಬಾಯಿಗೆ ಕರ್ಚೀಫ್ ಒತ್ತಿದೆ. ಬಾಗಿಲು ತೆಗೆಯುವುದು ಹೇಗೆ ಅಂತ ಕೇಳಿದೆ. ಯಂತ್ರ ಕೆಂಪಾದರೆ ತಾನೇ ತೆರೆಯುತ್ತದೆ, ಗಾಳಿ ಎಳೆಯುವ ಫ್ಯಾನೂ ಓಡುತ್ತದೆ ಅಂದಳು. ಆದರೆ ಈ ವಿಷಕ್ಕೆ ಅದು ಕೆಂಪಾಗುವುದಿಲ್ಲ ಅಂದಳು.

ಕೆಮ್ಮಿನ ನಡುನಡುವೆ ತುಂಡು ತುಂಡಾಗಿ ವಿಷಯ ಬಂತು. ನಿಜವಾದ ವಿಷ ಇಟ್ಟು ಪರೀಕ್ಷೆ ಮಾಡಲು ಪರವಾನಗಿ ಬೇಕು, ಪಹರೆ ಬೇಕು. ಅದಕ್ಕೆ ಮೊದಮೊದಲು ಅಪಾಯವಿಲ್ಲದ ಒಂದು ಎಣ್ಣೆ ಇಟ್ಟು ಯಂತ್ರಕ್ಕೆ ಕಲಿಸುತ್ತಾರೆ. ಅದು ತಪ್ಪಲ್ಲ. ಕೊನೆಗೊಮ್ಮೆ ನಿಜವಾದದ್ದನ್ನು ಮೂಸಿಸಬೇಕು. ಡೈರೆಕ್ಟರ್ ಮೂಸಿಸಲೇ ಇಲ್ಲ. ವರ್ಷಗಟ್ಟಲೆ ಎಣ್ಣೆಯನ್ನೇ ಮೂಸಿದ ಯಂತ್ರ ಅದೊಂದನ್ನೇ ಶತ್ರು ಅಂದುಕೊಂಡಿತ್ತು.

"ಆ ಎಣ್ಣೆ ಹೇಗಿರುತ್ತೆ?"

ಅವಳು ಕಣ್ಣು ತೆರೆದಳು.

"ನಿನ್ನ ಥರ ಇರುತ್ತೆ ಅಕ್ಕಾ... ನಿನ್ನ ಮಂಡಿ ಥರ."

ಇಬ್ಬರ ಕೈಯೂ ಒಟ್ಟಿಗೇ ನನ್ನ ಜೇಬಿಗೆ ಹೋಯಿತು.

ಯಂತ್ರ ಗೋಡೆಯ ಮೇಲ್ಗಡೆ ಇತ್ತು. ಏರಲು ಸ್ಟೂಲಿಲ್ಲ, ಕುರ್ಚಿಯಿಲ್ಲ. ಬಗ್ಗಿದೆ, ಅವಳ ಕಾಲು ತಬ್ಬಿದೆ, ಎತ್ತಿದೆ. ಚಿಕ್ಕವಳಿದ್ದಾಗ ಕಿಟಕಿಯಾಚೆ ತೋರಿಸಲು ಎತ್ತುತ್ತಿದ್ದೆನಲ್ಲ, ಹಾಗೆ. ಮಂಡಿಯೊಳಗೆ ಏನೋ ಲಟಕ್ ಅಂದಿತು. ಎದೆಗೆ ಗಾಳಿ ಹೋಗುತ್ತಿರಲಿಲ್ಲ. ಮೇಲೆ ಅವಳ ಕೈ ತೆರೆದ ಡಬ್ಬಿಯನ್ನು ಯಂತ್ರದ ಬಾಯಿಗೆ ಹಿಡಿಯಿತು.

ಹಸಿರು.

ಹಸಿರು...

ಕೆಂಪು!

ಬಾಗಿಲು ಕ್ಲಿಕ್ ಅಂತ ಬಿಟ್ಟುಕೊಂಡಿತು. ಅವಳನ್ನು ಹೊರಗೆ ದಬ್ಬಿ, ನಾನೂ ತೆವಳಿ, ಒದ್ದು ಬಾಗಿಲು ಮುಚ್ಚಿದೆ.

ಸೈರನ್ ಕೇಳಿ ಇಡೀ ಕಮಿಟಿ ಕೆಳಗೆ ಇಳಿದು ಬಂದಿತ್ತು. ಮುಂದೆ ಅಧ್ಯಕ್ಷೆ, ನರೆತ ಕೂದಲಿನ ಹೆಂಗಸು. ಪಕ್ಕದಲ್ಲಿ ಡೈರೆಕ್ಟರ್. ನಾವು ಬಿದ್ದಿದ್ದನ್ನು ನೋಡಿದ, ಕೆಂಪು ದೀಪ ನೋಡಿದ. ಅವನ ತಲೆ ಎಷ್ಟು ಬೇಗ ಓಡಿತು ಅಂದರೆ ನನಗೇ ಮೆಚ್ಚುಗೆಯಾಯಿತು.

"ನೋಡಿದ್ರಾ ಮೇಡಂ," ಅಂದ. "ಸಣ್ಣ ಅಚಾತುರ್ಯ ಆಗಿತ್ತು. ನಮ್ಮ ಯಂತ್ರ ಎರಡು ಜೀವ ಉಳಿಸ್ತು."

ಯಾರೋ ಚಪ್ಪಾಳೆ ತಟ್ಟಿದರು.

ತಂಗಿ ಮಾತಾಡಲು ನೋಡಿದಳು. ದನಿ ಬರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಅದು ವಿಷದ್ದಾಗಿರಲಿಲ್ಲ.

ನಾನು ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಕಾದೆ. ಸೈರನ್ ನಿಂತಿತು. ಫ್ಯಾನ್ ನಿಂತಿತು. ಗಾಜಿನೊಳಗೆ ದೀಪ ಮತ್ತೆ ಹಸಿರಾಯಿತು. ನೆಲದ ಮೇಲೆ ಒದ್ದೆ ಹಾಗೇ ಇತ್ತು. ಆವಿಯೂ ಹಾಗೇ ಏಳುತ್ತಿತ್ತು.

"ಈಗ ಹಸಿರಿದೆ ಅಲ್ವಾ ಸರ್?"

"ಇದೆ," ಅಂದ.

"ಒಳಗೆ ಹೋಗಿ."

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ.

"ಹೋಗಿ ಸರ್. ನಮಗೆ ಸುಮ್ನೆ ಕೂತ್ಕೊಳ್ಳಿ ಅಂದ್ರಲ್ಲ, ನೀವೂ ಒಂಚೂರು ಕೂತು ಬನ್ನಿ."

ಅವನ ಕೈ ಗುಂಡಿಯ ತನಕ ಹೋಯಿತು. ಅಲ್ಲೇ ನಿಂತಿತು. ನಮ್ಮಿಬ್ಬರ ಎದೆಗೆ ಹಸಿರು ಸಾಕಾಗಿತ್ತು. ಸ್ವಂತ ಎದೆಗೆ ಸಾಕಾಗಲಿಲ್ಲ. ಅಧ್ಯಕ್ಷೆ ಅವನ ಮುಖ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದರು. ಬೂಟು ಒಂದು ಹೆಜ್ಜೆ ಹಿಂದೆ ಬಂತು.

ನಾನು ಓಣಿಯ ಗೋಡೆಯಲ್ಲಿದ್ದ ಇನ್ನೊಂದು ಯಂತ್ರದ ಕೆಳಗೆ ನಿಂತು ಡಬ್ಬಿ ತೆರೆದೆ. ಕೆಂಪು. ಸೈರನ್. ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಹಸಿರು. ಅಧ್ಯಕ್ಷೆ ಡಬ್ಬಿ ಇಸಿದುಕೊಂಡು ಮೂಸಿದರು.

"ನನ್ನ ಸೊಂಟಕ್ಕೂ ಇದೇ ಹಚ್ಚೋದು," ಅಂದರು. ಆಮೇಲೆ ಡೈರೆಕ್ಟರ್ ಕಡೆ ತಿರುಗಿ, ಕಾರಿನಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ, ಮಾತಾಡೋದಿದೆ ಅಂದರು. ಅಷ್ಟು ಮೃದುವಾಗಿ ಯಾರನ್ನಾದರೂ ಕರೆದರೆ ನಾನಾಗಿದ್ದರೆ ಓಡಿಹೋಗುತ್ತಿದ್ದೆ.

ತಂಗಿ ಬದುಕಿದಳು. ಗಂಟಲು ಇನ್ನೂ ಗೊಗ್ಗರು, ಫೋನಿನಲ್ಲಿ ಗಂಡಸು ಅಂದುಕೊಳ್ಳುತ್ತಾರೆ. ಅನುದಾನ ನಿಂತಿತು. ಆದರೆ ಆ ಎರಡು ಸ್ಟೇಷನ್‌ಗಳ ಯಂತ್ರಗಳನ್ನು ಇನ್ನೂ ಬಿಚ್ಚಿಲ್ಲ. ಬಿಚ್ಚುವುದಕ್ಕೆ ಬೇರೆ ಅನುದಾನ ಮಂಜೂರಾಗಬೇಕಂತೆ. ಸಾವಿರಾರು ಜನ ಅವುಗಳ ಕೆಳಗೇ ದಿನಾ ಓಡಾಡುತ್ತಾರೆ, ಮೇಲೆ ನೋಡುತ್ತಾರೆ, ಹಸಿರು ಕಂಡು ನೆಮ್ಮದಿಯಾಗಿ ರೈಲು ಹತ್ತುತ್ತಾರೆ.

ನೀವು ಬಂದದ್ದೂ ಆ ರೈಲಿನಲ್ಲೇ ಅಲ್ಲವೇ?

ಇರಲಿ, ಕುಳಿತುಕೊಳ್ಳಿ, ನಿಮ್ಮ ಗಂಡನ ವಿಷಯಕ್ಕೆ ಬರೋಣ... ಕಾಲು ಚಾಚಿಕೊಂಡೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ. ಸಾಕ್ಷಿಗೆ ಬೇಕು ಅಂತ ಪೊಲೀಸರು ಮುಲಾಮಿನ ಡಬ್ಬಿ ತೆಗೆದುಕೊಂಡು ಹೋದರು. ಮಂಡಿಯನ್ನು ಮಾತ್ರ ನನ್ನ ಹತ್ತಿರವೇ ಬಿಟ್ಟರು.