ಎಡ ನಳಿಗೆ

ಮಾರ್ಚ್ ಹದಿನೈದು, ಶುಕ್ರವಾರ. ಬೆಳಿಗ್ಗೆ 9:20ಕ್ಕೆ ಹಲ್ಲಿನ ಡಾಕ್ಟರು ಠಾಣೆಗೆ ಬಂದರು. ಊರಿನವರ ಬಾಯಿ ತೆರೆಸುವ ಮನುಷ್ಯನಿಗೆ ಅಂದು ತನ್ನ ಬಾಯೇ ಒಣಗಿತ್ತು. ತಂದೆಯ ಕಾಲದ ಜೋಡಿನಳಿಗೆ ಬಂದೂಕು ಮನೆಯ ಬೀರುವಿನಿಂದ ಕಾಣೆಯಾಗಿತ್ತು.

"ಲೈಸೆನ್ಸ್ ಇದೆಯಾ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಇದೆ ಮೇಡಂ. ಬಂದೂಕು ಇಂಗ್ಲೆಂಡಿನದು, ನೂರ ಮೂವತ್ತು ವರ್ಷದ್ದು. ತೋಟಾ ಸಿಡಿಸೋ ಎರಡು ಹ್ಯಾಮರ್ ಹೊರಗಡೆನೇ ಕಾಣುತ್ತೆ. ಕಬ್ಬಿಣ, ಉಕ್ಕು ಹೆಣೆದು ಬಡಿದು ಮಾಡಿದ ನಳಿಗೆ. ಮೈಮೇಲೆಲ್ಲ ಅಲೆ ಥರ ಗೆರೆ."

"ಕೊನೆಗೆ ನೋಡಿದ್ದು?"

"ಬುಧವಾರ ಸಂಜೆ. ಭಾನುವಾರ ಕ್ಲಬ್ಬಲ್ಲಿ ಸ್ಪರ್ಧೆ ಇದೆ. ತಾತನ ಬಂದೂಕಲ್ಲೇ ಹೊಡೀತೀನಿ ಅಂತ ಮಗಳ ಹಟ. ಇವತ್ತು ತೆಗೆಯೋಕೆ ಹೋದರೆ ಬೀರು ಖಾಲಿ. ಬೀಗ ಹಾಕಿದ ಹಾಗೇ ಇದೆ, ಕೀ ನನ್ನ ಜೇಬಲ್ಲಿದೆ."

9:50ಕ್ಕೆ ಎಫ್‌ಐಆರ್ ದಾಖಲಾಯಿತು. ಹೊತ್ತು ಬರೆದುಕೊಂಡವನು ಕಾನ್‌ಸ್ಟೇಬಲ್. ಟೀ ಕುಡಿದ ಹೊತ್ತನ್ನೂ ಬರೆದಿಡುವ ಅವನನ್ನು ಠಾಣೆಯಲ್ಲಿ ಎಲ್ಲರೂ 'ಗಡಿಯಾರ' ಎಂದೇ ಕರೆಯುತ್ತಿದ್ದರು.

10:30ಕ್ಕೆ ಡಾಕ್ಟರ ಮನೆಯಲ್ಲಿ ಇಬ್ಬರು ನೆರೆಯವರನ್ನು ಪಂಚರಾಗಿ ಕೂರಿಸಿ ಪಂಚನಾಮೆ ಶುರುವಾಯಿತು. ಡಾಕ್ಟರ ತಾಯಿ ಗುರುವಾರ ಎರಡರಿಂದ ನಾಲ್ಕರವರೆಗೆ ಮಲಗಿದ್ದರಂತೆ. ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ; ಬುಧವಾರ ಸಂಜೆಯಿಂದ ಮನೆಗೆ ಕಾವಲಿಲ್ಲದೆ ಇದ್ದದ್ದು ಅದೊಂದೇ ಹೊತ್ತು. ಹಿಂಬಾಗಿಲಿಗೆ ಅಗುಳಿ ಹಾಕಿದ್ದೆನೋ ಇಲ್ಲವೋ ಎಂದು ಅಜ್ಜಿ ಸೊಸೆಯ ಮುಖ ನೋಡಿದರು. ಸೊಸೆ ಗೋಡೆ ನೋಡಿದಳು.

ಮರದ ಬೀರುವಿನ ಬೀಗವನ್ನು ಯಾರೂ ಮುಟ್ಟಿರಲಿಲ್ಲ. ಹೊರಗಿನ ಕೀಲುಗಳ ಆರು ಸ್ಕ್ರೂ ಬಿಚ್ಚಿ, ಬಾಗಿಲು ಸರಿಸಿ, ಬಂದೂಕು ತೆಗೆದು ಮತ್ತೆ ಬಿಗಿದಿದ್ದರು. ಸ್ಕ್ರೂಗಳ ಸುತ್ತ ಹಳೆಯ ಬಣ್ಣ ಹೊಸದಾಗಿ ಎದ್ದಿತ್ತು.

"ಮೇಡಂ, ಇಲ್ನೋಡಿ," ಎಂದ ಗಡಿಯಾರ. "ಆರೂ ಸ್ಕ್ರೂಗಳ ತಲೆಯ ಸೀಳು ನೆಟ್ಟಗೆ ನಿಂತಿವೆ. ಮನೆಯ ಬೇರೆ ಬಾಗಿಲುಗಳಲ್ಲಿ ಒಂದು ಅತ್ತ, ಒಂದು ಇತ್ತ. ಕದಿಯೋಕೆ ಬಂದವನಿಗೆ ಈ ಶಿಸ್ತು ಯಾಕೆ?"

ಮೇಡಂ ಬಂದೂಕಿನ ಫೋಟೋ ತರಿಸಿದರು. ಅದರಲ್ಲೂ ಒಂದೊಂದು ಸ್ಕ್ರೂವಿನ ಸೀಳೂ ನಳಿಗೆಯ ನೇರಕ್ಕೇ ಇತ್ತು.

"ಅದು ಬಂದೂಕು ಕೆಲಸದವರ ಪದ್ಧತಿ," ಡಾಕ್ಟರು ಹೇಳಿದರು. "ಪೂರ್ತಿ ಬಿಗಿಯಾದಾಗ ಸೀಳು ಸರಿಯಾಗಿ ನೇರಕ್ಕೆ ಬರಬೇಕು. ನಮ್ಮ ಬಂದೂಕು ರಿಪೇರಿ ಮೇಸ್ತ್ರಿ ಈಗಲೂ ಹಾಗೇ..." ಅಲ್ಲಿಗೆ ಅವರಿಗೇ ಗೊತ್ತಾಯಿತು. "ಅವರಲ್ಲ ಮೇಡಂ! ಅಪ್ಪನ ಕಾಲದಿಂದ ನಮ್ಮ ಮನೆಯವರ ಥರ ಇದ್ದಾರೆ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೈಗೆ ಹತ್ತಿದ ಕಸುಬೂ ಹಾಗೇ, ಕಳ್ಳತನದ ಅವಸರದಲ್ಲೂ ಬಿಡುವುದಿಲ್ಲ.

ಮಧ್ಯಾಹ್ನ 12:15. ಬಂದೂಕು ಮೇಸ್ತ್ರಿಯ ಅಂಗಡಿ ಒಂದೇ ಕೋಣೆ. ಗೋಡೆಗೆ ಸಾಲಾಗಿ ಅರಗಳು, ಮೇಜಿನ ಮೇಲೆ ಸಾಮಾನು ಕಚ್ಚಿ ಹಿಡಿಯುವ ವೈಸ್, ನೆಲದ ತುಂಬ ಮರದ ಪುಡಿ. ಅರವತ್ತೆಂಟರ ಮೇಸ್ತ್ರಿ ಪೊಲೀಸರನ್ನು ನೋಡಿ ಕನ್ನಡಕ ತೆಗೆದು ಒರೆಸತೊಡಗಿದ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ."

ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿಯ ದನಿ ಬಂತು. "ಇಲ್ಲೇ ಎಲ್ಲಿ? ಎರಡೂವರೆಗೆ ಅನ್ನಕ್ಕೆ ಕೈ ಹಾಕಿದವರು ಹಾಗೇ ಎದ್ದು ಹೋದ್ರಲ್ಲ!"

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ, ಎಣ್ಣೆ ಸವರಿದ ಬಟ್ಟೆಯೊಳಗೆ ಬಂದೂಕು ಸಿಕ್ಕಿತು. ಎಡ ನಳಿಗೆಯ ಮೇಲೆ ಗರಗಸ ಒಮ್ಮೆ ಎಳೆದ ಗೀರಿತ್ತು. ಜಪ್ತಿ ಪಂಚನಾಮೆ 1:05ಕ್ಕೆ ಮುಗಿಯಿತು.

ಠಾಣೆಯಲ್ಲಿ 2:10ಕ್ಕೆ ವಿಚಾರಣೆ.

"ಯಾಕೆ ಕದ್ದಿರಿ?"

"ಆಸೆಯಾಯ್ತು."

"ಆಸೆಪಟ್ಟ ವಸ್ತುವನ್ನ ಯಾರಾದ್ರೂ ಗರಗಸದಲ್ಲಿ ಕೊಯ್ತಾರಾ?"

"ಕಳ್ಳ ಅಂತ ಬರ್ಕೊಳ್ಳಿ ಮೇಡಂ. ನಾನು ಇಲ್ಲ ಅಂದೆನಾ?"

ತಪ್ಪಿಸಿಕೊಳ್ಳಲು ಸುಳ್ಳು ಹೇಳುವವರನ್ನು ಮೇಡಂ ಸಾಕಷ್ಟು ಕಂಡಿದ್ದರು. ಸಿಕ್ಕಿಹಾಕಿಕೊಳ್ಳಲು ಇಷ್ಟು ಅವಸರಪಡುವವನನ್ನು ಕಂಡದ್ದು ಇದೇ ಮೊದಲು. ಅವರು ಫೈಲು ಮುಚ್ಚಿದರು.

"ಸರಿ. ನಾಳೆ ಬಂದೂಕನ್ನ ಕೋರ್ಟಿಗೆ ಕೊಡ್ತೀವಿ. ಡಾಕ್ಟರು ಅರ್ಜಿ ಹಾಕಿ ಬಿಡಿಸಿಕೊಂಡರೆ ಭಾನುವಾರ ಆ ಹುಡುಗಿ ಅದರಲ್ಲೇ ಹೊಡೀತಾಳೆ."

ಮೇಸ್ತ್ರಿ ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಕೊಡಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಕೊಡಬೇಡಿ!" ಅಂದವನು ನಿಜಕ್ಕೂ ಬಿದ್ದ. ಗಡಿಯಾರ ಓಡಿ ಬಂದು ರಟ್ಟೆ ಹಿಡಿದು ಎತ್ತಬೇಕಾಯಿತು.

ನೀರು ಕುಡಿದ ಮೇಲೆ ಮಾತು ಬಂತು.

"ಇಪ್ಪತ್ತೆರಡು ವರ್ಷದ ಹಿಂದೆ ಎಡ ನಳಿಗೆ ಒಳಗೆ ತುಕ್ಕು ತಿಂದಿತ್ತು. ಡಾಕ್ಟರ ತಂದೆ ಕನ್ನಡಿ ಥರ ಮಾಡಿಕೊಡು ಅಂದ್ರು. ಉಜ್ಜಿದೆ. ಚುಕ್ಕೆ ಹೋಗಲಿಲ್ಲ. ಇನ್ನೊಂದು ಸಲ, ಇನ್ನೊಂದೇ ಸಲ ಅಂತ ಉಜ್ಜುತ್ತಾ ಹೋದೆ. ಆಮೇಲೆ ಅಳೆದೆ. ಮೊದಲೇ ಅಳೀಬೇಕಿತ್ತು. ನಳಿಗೆ ದಪ್ಪ ಅರ್ಧ ಮಿಲಿಮೀಟರಾದ್ರೂ ಇರಬೇಕಾದ ಕಡೆ ಅದರ ಅರ್ಧವೂ ಉಳಿದಿರಲಿಲ್ಲ."

"ಅವರಿಗೆ ಹೇಳಿದ್ರಾ?"

"ಕನ್ನಡಿ ಆಗಿದೆ ಅಂದೆ. ಬೆನ್ನು ತಟ್ಟಿದ್ರು. ಪುಣ್ಯಕ್ಕೆ ಆಮೇಲೆ ಅವರು ಹೊಡೆಯೋದನ್ನೇ ಬಿಟ್ಟರು. ಹೋದ ತಿಂಗಳು ಡಾಕ್ಟರ ಜೊತೆ ಈ ಮಗು ಮರದ ಹಿಡಿ ಅಳತೆಗೆ ಅಂಗಡಿಗೆ ಬಂತು. ಬಂದೂಕು ಎತ್ತಿ ಹಿಡೀತು. ಎಡಗೈ ಹೋಗಿ ಕೂತಿದ್ದು ಸರಿಯಾಗಿ ಆ ಜಾಗದ ಮೇಲೆ, ಮೇಡಂ. ಗುಂಡು ಹೊಡೆದರೆ ನಳಿಗೆ ಸಿಡಿಯೋದು ಅಲ್ಲೇ."

"ಅವತ್ತಾದ್ರೂ ಹೇಳಬಹುದಿತ್ತು."

"ಹಳೇದು, ಬೇಡ ಅಂದೆ. ಡಾಕ್ಟರು ನಕ್ಕರು. ನೀವೇ ಮಾಡಿದ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ ಅಂದ್ರು. ಆಮೇಲೆ ಬಾಯಿ ಬರಲಿಲ್ಲ."

"ತುಂಡು ಮಾಡಿದ್ರೆ ಮುಗೀತಿತ್ತಲ್ಲ?"

"ಒಂದು ಸಲ ಎಳೆದೆ. ಯಾವನೋ ಪುಣ್ಯಾತ್ಮ ಎಷ್ಟು ದಿನ ಕುಲುಮೆ ಮುಂದೆ ನಿಂತು ಬಡಿದನೋ. ಅವನ ಕೆಲಸ ಒಂದು ಸಲ ಕೆಡಿಸಿದ್ದೀನಿ. ಎರಡನೇ ಸಲ ಕೈ ಏಳಲಿಲ್ಲ."

4:30ಕ್ಕೆ ಡಾಕ್ಟರನ್ನು ಕರೆಸಿ, ಪಂಚರ ಎದುರಿಗೆ, ಮೇಸ್ತ್ರಿಯ ಅಂಗಡಿಯಿಂದ ತಂದ ಮುಳ್ಳಿರುವ ಮಾಪಕದಲ್ಲೇ ನಳಿಗೆಯ ದಪ್ಪ ಅಳೆಯಲಾಯಿತು. ಡಾಕ್ಟರು ಮುಳ್ಳನ್ನು ಮೂರು ಸಲ ಓದಿ ಬೆಂಚಿನ ಮೇಲೆ ಕುಸಿದರು.

"ಇವತ್ತು ಬೆಳಿಗ್ಗೆ ಎಂಟಕ್ಕೆ ಅಭ್ಯಾಸ ಇತ್ತು," ಎಂದರು. "ತೋಟಾ ಎಲ್ಲ ಕಾರಲ್ಲಿ ಇಟ್ಟಿದ್ದೆ. ನಾನೇ..." ಮುಂದೆ ಹೇಳಲಾಗದೆ ಅತ್ತರು. ಸ್ವಲ್ಪ ಹೊತ್ತಿನ ಮೇಲೆ ದೂರು ವಾಪಸ್ ತಗೋತೀನಿ ಅಂದರು.

"ಎಫ್‌ಐಆರ್ ಆಗಿದೆ ಡಾಕ್ಟ್ರೇ. ಅದನ್ನ ಕೋರ್ಟಲ್ಲಿ ಹೇಳಿ," ಎಂದರು ಮೇಡಂ. ಅವರಿಗೂ ಸಂಕಟವೇ ಆಗಿತ್ತು. ಬಂದೂಕನ್ನು ಯಾರಿಗೂ ಬಿಟ್ಟುಕೊಡಬಾರದೆಂದು ಕೋರ್ಟಿಗೆ ವರದಿ ಬರೆದು ಸಹಿ ಹಾಕಿದರು.

5:45ಕ್ಕೆ ಬಂಧನ. ಗಡಿಯಾರ ಹೇಳಿಕೆಯನ್ನು ಓದಿ ಹೇಳಿದ. 'ನಾನು ಕಳವು ಮಾಡಿರುತ್ತೇನೆ' ಎಂಬಲ್ಲಿ ಮೇಸ್ತ್ರಿ ಹೌದೆಂದು ತಲೆಯಾಡಿಸಿದ. 'ಸದರಿ ನಳಿಗೆಯನ್ನು ನಾನೇ ಕೆಡಿಸಿರುತ್ತೇನೆ' ಎಂಬಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಹೊರಗೆ ನನ್ನ ಹೆಂಡತಿ ಕೂತಿದ್ದಾಳೆ ಮೇಡಂ. ನಲವತ್ತು ವರ್ಷದಿಂದ ನಮ್ಮ ಯಜಮಾನ್ರ ಕೈಯಂಥ ಕೈ ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಕದ್ದೆ ಅನ್ನೋದನ್ನ ಹೇಳಿ. ಕೆಡಿಸಿದೆ ಅನ್ನೋದೊಂದು ಮಾತ್ರ ಹೇಳಬೇಡಿ."

ಗಡಿಯಾರ ಮೇಡಂ ಮುಖ ನೋಡಿದ. ಮೇಡಂ ಹೇಳಿಕೆಯನ್ನು ಫೈಲಿನೊಳಗೆ ಇಟ್ಟು ಮುಚ್ಚಿದರು. ಅವನು ಹೊರಗೆ ಹೋಗಿ ಬಂದು, ಬಂಧನದ ವಿಷಯ ಮನೆಯವರಿಗೆ ತಿಳಿಸಿದ ಬಗ್ಗೆ ಬರೆಯುವ ಕಾಲಂ ತುಂಬಿದ: ಸಂಜೆ 6:02, ಹೆಂಡತಿಗೆ ತಿಳಿಸಲಾಗಿದೆ. ಕಾರಣ, ಬಂದೂಕು ಕಳವು.