ತೊಪ್ಚೊ ಯಾರವನು?

"ಎಲ್ಲೇ ನಿನ್ನ ದಾರ?" ಎಂದು ಕೇಳಿದರು ಅಜ್ಜಿ ವೆಲಿಕಾ.

ತಿಂಡಿ ತಿನ್ನುತ್ತಿದ್ದ ರುಮೆನಾ ಕೈಯನ್ನು ಸರಕ್ಕನೆ ಮೇಜಿನ ಕೆಳಗೆ ಎಳೆದುಕೊಂಡಳು. ಮಾರ್ಚ್ ಒಂದನೇ ತಾರೀಕು ಅಜ್ಜಿಯೇ ಅವಳ ಮಣಿಕಟ್ಟಿಗೆ ಕೆಂಪು ಬಿಳಿ ದಾರ ಕಟ್ಟಿದ್ದರು. ಊರಿನ ಮಕ್ಕಳೆಲ್ಲರ ಕೈಯಲ್ಲೂ ಅಂಥ ದಾರವಿತ್ತು. ವರ್ಷದ ಮೊದಲ ಕೊಕ್ಕರೆ ಕಣ್ಣಿಗೆ ಬೀಳುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ಕೊಕ್ಕರೆ ಕಂಡ ಮೇಲೆ ಮರದ ಕೊಂಬೆಗೆ ಕಟ್ಟಿ ಬರಬೇಕು.

"ನಿನ್ನೆ ಕೊಕ್ಕರೆ ಕಂಡೆ ಅಜ್ಜಿ. ಸ್ಕೂಲ್ ಹಿಂದೆ ಇರೋ ಪ್ಲಮ್ ಮರಕ್ಕೆ ಕಟ್ಟಿದೆ," ಎಂದಳು ರುಮೆನಾ.

ಅಜ್ಜಿಗೆ ಬಹಳ ಸಂತೋಷವಾಯಿತು. ಕೊಕ್ಕರೆ ಬೇಗ ಬಂದರೆ ಹುಲ್ಲೂ ಬೇಗ ಬರುತ್ತದೆ ಎಂದರು. ಆದರೆ ಒಲೆಯ ಪಕ್ಕ ಕೂತು ಬೂಟು ಹಾಕಿಕೊಳ್ಳುತ್ತಿದ್ದ ಅಜ್ಜ ಸ್ಪಾಸ್ ತಲೆ ಎತ್ತಿ ಮೊಮ್ಮಗಳನ್ನೇ ನೋಡಿದರು. ಅಜ್ಜ ಐವತ್ತು ವರ್ಷದಿಂದ ಕುರಿ ಕಾಯುವವರು. ಅವರಿಗೆ ಗೊತ್ತಾಗದೆ ಒಂದು ಹಕ್ಕಿಯೂ ಆ ಕಣಿವೆ ದಾಟುತ್ತಿರಲಿಲ್ಲ.

"ಈ ವರ್ಷ ಕೊಕ್ಕರೆ ಇನ್ನೂ ಬಂದಿಲ್ಲ," ಎಂದಷ್ಟೇ ಹೇಳಿ ಅಜ್ಜ ಕುರಿದೊಡ್ಡಿಯ ಕಡೆ ಹೊರಟುಹೋದರು.

ಆ ದಾರ ಯಾವ ಮರದಲ್ಲೂ ಇರಲಿಲ್ಲ. ಅದು ಇದ್ದದ್ದು ತೊಪ್ಚೊನ ಹೊಟ್ಟೆಯಲ್ಲಿ.

ತೊಪ್ಚೊ ಒಂದು ನಾಯಿಮರಿ. ಅವನಿಗೆ ಆ ಹೆಸರಿದೆ ಎಂದು ಗೊತ್ತಿದ್ದದ್ದು ರುಮೆನಾಗೆ ಮತ್ತು ತೊಪ್ಚೊಗೆ ಮಾತ್ರ.

ಜನವರಿಯಲ್ಲಿ ಅಜ್ಜನ ಕಾವಲುನಾಯಿ ಮುರ್ಜಾ ಐದು ಮರಿ ಹಾಕಿತ್ತು. ಆಗ ಮರಿಗಳಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಮೂಗಿನಿಂದ ತಾಯಿಯನ್ನು ಹುಡುಕುವುದು, ಹಾಲು ಕುಡಿಯುವುದು, ಮಲಗುವುದು, ಇಷ್ಟೇ ಅವುಗಳ ಸಂಸಾರ. ಹದಿಮೂರನೇ ದಿನ ಕಣ್ಣು ಬಿಟ್ಟವು. ಮೂರನೇ ವಾರ ಅಜ್ಜಿಯ ಕೈಯಿಂದ ಪಾತ್ರೆ ಜಾರಿ ಬಿದ್ದಾಗ ಐದೂ ಒಟ್ಟಿಗೆ ಬೆಚ್ಚಿದವು. ಕಿವಿ ಬಂತು ಎಂದು ಅಜ್ಜ ನಕ್ಕರು. ರುಮೆನಾ ಇದನ್ನೆಲ್ಲ ದೂರದಿಂದಲೇ ನೋಡಿ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದಳು. ಟೀಚರ್ ಆರಕ್ಕೆ ಆರು ಕೊಟ್ಟರು.

ಏಳು ವಾರ ತುಂಬಿದಾಗ ನಾಲ್ಕು ಮರಿಗಳು ಬೇರೆ ಕುರುಬರ ಮನೆ ಸೇರಿದವು. ಉಳಿದ ಒಂದನ್ನು ಅಜ್ಜ ಎತ್ತಿಕೊಂಡು ಹೋಗಿ ದೊಡ್ಡಿಯಲ್ಲಿ ಕುರಿಮರಿಗಳ ನಡುವೆ ಬಿಟ್ಟರು. ಮನೆಯವರಿಗೆಲ್ಲ ಒಂದು ಕಟ್ಟುನಿಟ್ಟಿನ ಮಾತು ಹೇಳಿದರು. ಅದನ್ನು ಯಾರೂ ಮುದ್ದು ಮಾಡಬಾರದು, ಕರೆಯಬಾರದು, ಹೆಸರಿಡಬಾರದು.

"ಈ ವಯಸ್ಸಲ್ಲಿ ಮರಿ ಯಾರ ಜೊತೆ ಇರುತ್ತೋ ಅವರೇ ಅದಕ್ಕೆ ಬಂಧು ಬಳಗ. ಇವನ ಬಳಗ ಕುರಿಗಳಾಗಬೇಕು. ನಾವಲ್ಲ," ಎಂದಿದ್ದರು.

ಅವರು ಯಾಕೆ ಹಾಗೆ ಹೇಳಿದರು ಎಂದು ರುಮೆನಾಗೆ ಗೊತ್ತಿತ್ತು. ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ತೋಳಗಳು ಬಂದು ಹನ್ನೊಂದು ಕುರಿಗಳನ್ನು ಕೊಂದಿದ್ದವು. ತೋಳಗಳ ಜೊತೆ ಹೋರಾಡಿ ಮಂದೆ ಕಾಯುತ್ತಿದ್ದ ಇನ್ನೊಂದು ಮುದಿನಾಯಿ ಸತ್ತಿತ್ತು. ಈಗ ಮಂದೆಗೆ ಇದ್ದದ್ದು ಮುರ್ಜಾ ಒಂದೇ. ತೋಳಗಳಿಗೆ ಒಂದು ನಾಯಿ ಯಾವ ಲೆಕ್ಕ?

ಗೊತ್ತಿದ್ದರೇನು! ಹಗಲು ದೊಡ್ಡ ಕುರಿಗಳ ಜೊತೆ ಮುರ್ಜಾ ಮೇವಿಗೆ ಹೋದರೆ ಮರಿ ಗೇಟಿನ ಹತ್ತಿರ ನಿಂತು ಒಂದೇ ಸಮನೆ ಅಳುತ್ತಿತ್ತು. ರುಮೆನಾ ಎರಡು ದಿನ ಕಿವಿ ಮುಚ್ಚಿಕೊಂಡಳು. ಮೂರನೇ ದಿನ ಅವಳ ಕರುಳು ತಡೆಯಲಿಲ್ಲ. ಸ್ಕೂಲಿನಿಂದ ಬಂದವಳೇ ಮರಿಯನ್ನು ಜಾಕೆಟ್ಟಿನೊಳಗೆ ಹಾಕಿಕೊಂಡು ಸೌದೆ ಕೊಟ್ಟಿಗೆಗೆ ಹೋದಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಿದಳು. ಚೆಂಡಿನ ಹಾಗೆ ಗುಂಡಗಿದ್ದಾನೆ ಎಂದು ತೊಪ್ಚೊ, ಅಂದರೆ ಪುಟ್ಟ ಚೆಂಡು, ಎಂದು ಹೆಸರಿಟ್ಟಳು. ಅಜ್ಜ ಮಂದೆಯ ಜೊತೆ ಹೋಗಿರುತ್ತಿದ್ದರು, ಅಜ್ಜಿ ಊಟ ಮಾಡಿ ಒಂದು ಗಳಿಗೆ ಮಲಗುತ್ತಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಎರಡು ದಿನವಾಯಿತು, ಎರಡು ವಾರವಾಯಿತು.

ತೊಪ್ಚೊಗೆ ಸೂಜಿಯಂಥ ಹಲ್ಲು ಬಂದಿದ್ದವು. ಸಿಕ್ಕಿದ್ದನ್ನೆಲ್ಲ ಕಚ್ಚುವುದೇ ಅವನ ಕೆಲಸ. ಜಾಕೆಟ್ಟಿನ ಗುಂಡಿ ಹೋಯಿತು, ಶೂ ಲೇಸು ಹೋಯಿತು, ಕೊನೆಗೆ ಮಣಿಕಟ್ಟಿನ ದಾರವೂ ಹೋಯಿತು.

ಸುಳ್ಳು ಹೇಳಿದ ಆ ದಿನ ಸಂಜೆ ಅಜ್ಜ ಅವಳನ್ನು ದೊಡ್ಡಿಗೆ ಕರೆದರು. ಅವರ ಕೈಯಲ್ಲಿ ಸಗಣಿ ಎತ್ತುವ ಸಲಿಕೆ ಇತ್ತು. ಸಲಿಕೆಯ ಮೇಲೆ ನಾಯಿಮರಿಯ ಕಕ್ಕ, ಕಕ್ಕದೊಳಗೆ ಕೆಂಪು ಬಿಳಿ ದಾರ.

"ಇದೇನಾ ನಿನ್ನ ಪ್ಲಮ್ ಮರ?" ಎಂದು ಕೇಳಿದರು ಅಜ್ಜ.

ಬೇರೆ ದಿನವಾಗಿದ್ದರೆ ರುಮೆನಾ ಬಿದ್ದು ಬಿದ್ದು ನಗುತ್ತಿದ್ದಳು. ಈಗ ತಲೆ ತಗ್ಗಿಸಿದಳು. ಅಜ್ಜ ಅವಳನ್ನು ಗೇಟಿನ ಹತ್ತಿರ ನಿಲ್ಲಿಸಿದರು. ಕುರಿಮರಿಗಳನ್ನು ದೊಡ್ಡಿಯ ಆ ಕೊನೆಗೆ ಅಟ್ಟಿದರು. ತೊಪ್ಚೊನನ್ನು ನಟ್ಟನಡುವೆ ಬಿಟ್ಟರು. ಅವನು ಕುರಿಮರಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಾಲ ಅಲ್ಲಾಡಿಸುತ್ತ ನೇರ ರುಮೆನಾಳ ಕಾಲ ಬಳಿಗೆ ಓಡಿಬಂದ. ಅಜ್ಜನ ಮುಖ ಬಾಡಿಹೋಯಿತು. ಅವರು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ತಪ್ಪಾಯ್ತು ಅಜ್ಜ," ಎಂದಳು.

"ತಪ್ಪು ನಿಂದು ಮಗು, ಅನುಭವಿಸೋನು ಅವನು," ಎಂದರು ಅಜ್ಜ. ಹುಲ್ಲಿನ ಕಂತೆಯ ಮೇಲೆ ಕೂತು ನಿಧಾನವಾಗಿ ಹೇಳಿದರು. ಮೇ ತಿಂಗಳಲ್ಲಿ ಸಂತ ಜಾರ್ಜ್ ಹಬ್ಬದ ದಿನ ಮಂದೆ ಬೇಸಿಗೆಯ ಮೇವಿಗೆ ಬೆಟ್ಟಕ್ಕೆ ಹೊರಡುತ್ತದೆ. ಮನೆಯ ಕಡೆ ಓಡುವ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪ್ರಯೋಜನವಿಲ್ಲ. ತೋಳ ಬಂದಾಗ ಅದು ಕುರಿಗಳನ್ನು ಬಿಟ್ಟು ಮನೆಯ ಬಾಗಿಲು ಹುಡುಕುತ್ತದೆ. ಇನ್ನೊಂದು ನಾಯಿ ಸಾಕುವಷ್ಟು ಮನೆಯಲ್ಲಿ ಮಿಗುವುದಿಲ್ಲ. ಪೇಟೆಯ ಗ್ಯಾರೇಜಿನವನು ಒಂದು ನಾಯಿ ಬೇಕೆಂದು ಕೇಳುತ್ತಿದ್ದಾನೆ. ಅವನಿಗೆ ಕೊಡಬೇಕಾಗುತ್ತದೆ.

ಸ್ಕೂಲ್ ಬಸ್ಸು ದಿನಾ ಆ ಗ್ಯಾರೇಜಿನ ಮುಂದೆ ಹೋಗುತ್ತಿತ್ತು. ಅಲ್ಲಿ ಮೊದಲು ಇದ್ದ ನಾಯಿಯನ್ನು ರುಮೆನಾ ನೋಡಿದ್ದಳು. ಗಿಡ್ಡ ಸರಪಳಿ, ಒಂದು ಕಂಬ, ಕಂಬದ ಸುತ್ತ ಅದು ತಿರುಗಿ ತಿರುಗಿ ಕೆಸರಾಗಿದ್ದ ನೆಲ.

"ಇನ್ನೇನೂ ಮಾಡೋಕಾಗಲ್ವಾ ಅಜ್ಜ?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಇವನಿನ್ನೂ ಗಿಡ. ಒಂಬತ್ತು ವಾರ ಈಗ. ಇನ್ನು ಮೂರು ನಾಲ್ಕು ವಾರ ಇವನ ಮನಸ್ಸಿನ ಬಾಗಿಲು ತೆರೆದಿರುತ್ತೆ. ಆಮೇಲೆ ಮುಚ್ಚಿಹೋಗುತ್ತೆ."

"ನಾನೇನು ಮಾಡಲಿ ಹೇಳಿ."

"ಏನೂ ಮಾಡಬಾರದು. ಮುಟ್ಟಬಾರದು, ಮಾತಾಡಿಸಬಾರದು. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ ಕಣೇ."

ಬಸ್ ನಿಲ್ಲುವ ಜಾಗಕ್ಕೆ ದೊಡ್ಡಿಯ ಪಕ್ಕದಲ್ಲೇ ದಾರಿ. ಮರುದಿನ ಬೆಳಿಗ್ಗೆ ಅವಳ ಹೆಜ್ಜೆಯ ಸದ್ದು ಕೇಳಿದ್ದೇ ತೊಪ್ಚೊ ಗೇಟಿಗೆ ಕಾಲು ಕೊಟ್ಟು ನಿಂತ. ಕುಯ್ಯೋ ಎಂದ. ರುಮೆನಾ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಮುಂದೆ ನಡೆದಳು. ಬಸ್ಸಿನಲ್ಲಿ ಕೂತ ಮೇಲೆ ಅತ್ತಳು. ಪಕ್ಕದಲ್ಲಿದ್ದ ಕ್ರುಮ್ ಎಂಬ ಹುಡುಗ ಹೋಮ್‌ವರ್ಕ್ ಮಾಡಿಲ್ಲವಾ ಎಂದು ಕೇಳಿ ತನ್ನ ನೋಟ್‌ಬುಕ್ ಕೊಟ್ಟ.

ಅಂದಿನಿಂದ ತೊಪ್ಚೊನ ಸುದ್ದಿ ಅವಳಿಗೆ ಸಿಗುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಅಜ್ಜ ಸೂಪು ಕುಡಿಯುತ್ತ ಒಂದೊಂದೇ ಹೇಳುತ್ತಿದ್ದರು. ಒಂದು ದಿನ ತೊಪ್ಚೊ ಕುರಿಮರಿಯ ಕಿವಿ ಹಿಡಿದು ಎಳೆದನಂತೆ. ಮುದಿ ತಾಯಿಕುರಿಯೊಂದು ಬಂದು ಅವನಿಗೆ ಹಾಯ್ದಾಗ ಅವನು ಎರಡು ಪಲ್ಟಿ ಹೊಡೆದನಂತೆ. ರುಮೆನಾಗೆ ಆ ಕುರಿಯ ಮೇಲೆ ಕೆಟ್ಟ ಸಿಟ್ಟು ಬಂತು. ಅಜ್ಜ ಮಾತ್ರ ನಕ್ಕು, ಅದು ಅವನ ಟೀಚರಮ್ಮ, ಕಚ್ಚಿದರೆ ಏಟು ಬೀಳುತ್ತೆ ಅನ್ನೋದನ್ನ ಈ ವಯಸ್ಸಲ್ಲೇ ಕಲಿಯಬೇಕು ಎಂದರು.

ಹತ್ತನೇ ವಾರದಲ್ಲಿ ತೊಪ್ಚೊಗೆ ಎಲ್ಲಕ್ಕೂ ಭಯ ಶುರುವಾಯಿತು. ನಿನ್ನೆ ನೋಡಿದ್ದ ಗಾಡಿಯನ್ನೇ ಇವತ್ತು ಭೂತ ಕಂಡ ಹಾಗೆ ನೋಡುತ್ತಿದ್ದ. ಮರಿಗಳಿಗೆ ಹೀಗೊಂದು ಕಾಲ ಬರುತ್ತದೆ ಎಂದರು ಅಜ್ಜ. ಭಯವಾದಾಗ ಯಾರ ಹತ್ತಿರ ಓಡುತ್ತವೋ ಅವರೇ ಅವುಗಳ ಸ್ವಂತದವರಂತೆ. ಆ ದಿನ ದೊಡ್ಡಿಯಲ್ಲಿ ಬಕೆಟ್ಟು ಬಿದ್ದು ದಡಾರೆಂದಿತ್ತು.

"ಓಡಿದನಾ? ಎಲ್ಲಿಗೆ?" ರುಮೆನಾ ಚಮಚ ಕೆಳಗಿಟ್ಟು ಕೇಳಿದಳು.

"ಗೇಟಿಗೆ. ಮನೆ ಕಡೆ," ಎಂದರು ಅಜ್ಜ.

ಅವಳಿಗೆ ಊಟ ಸೇರಲಿಲ್ಲ. ಮರುದಿನ ಜೋರು ಮಳೆ. ಕುರಿಮರಿಗಳೆಲ್ಲ ಸೂರಿನ ಕೆಳಗೆ ಒತ್ತಿಕೊಂಡು ನಿಂತಿದ್ದವು. ತೊಪ್ಚೊ ಮಾತ್ರ ಗೇಟಿನ ಬಳಿ ಮಳೆಯಲ್ಲಿ ನೆನೆಯುತ್ತ ಕೂತಿದ್ದ. ಸ್ಕೂಲಿನಿಂದ ಬರುತ್ತಿದ್ದ ಅವಳನ್ನು ಕಂಡು ಅವನು ಅಳಲೂ ಇಲ್ಲ, ಸುಮ್ಮನೆ ನೋಡಿದ. ರುಮೆನಾಳ ಕೈ ತಾನಾಗಿಯೇ ಗೇಟಿನ ಚಿಲಕದ ಮೇಲೆ ಹೋಯಿತು. ಒಂದೇ ಒಂದು ಸಲ ಒರೆಸಿ ಬಿಟ್ಟುಬಿಡುತ್ತೇನೆ ಎಂದುಕೊಂಡಳು. ಆಗ ಗ್ಯಾರೇಜಿನ ಕಂಬ ನೆನಪಾಯಿತು. ಚಿಲಕ ಬಿಟ್ಟು ಮನೆಗೆ ಓಡಿದಳು, ಕಿಟಕಿಯ ಪರದೆ ಎಳೆದು ಗೋಡೆಗೆ ಮುಖಮಾಡಿ ಕೂತಳು. ತಾನೆಷ್ಟು ಕೆಟ್ಟವಳು ಎನಿಸಿತು.

ಸಂಜೆ ಅಜ್ಜ ಒದ್ದೆ ಕೋಟು ನೇತುಹಾಕುತ್ತ, ಅವನು ಕೊನೆಗೆ ಚಳಿ ತಡೆಯಲಾರದೆ ಸೂರಿನ ಕೆಳಗೆ ನುಗ್ಗಿ ಎರಡು ಕುರಿಮರಿಗಳ ನಡುವೆ ಮಲಗಿದ್ದಾನೆ ಎಂದರು. ಅಲ್ಲಿ ಬೆಚ್ಚಗಿರುತ್ತದೆ ಎಂದೂ ಸೇರಿಸಿದರು.

ಮತ್ತೊಮ್ಮೆ ಬಕೆಟ್ಟು ಬಿದ್ದಾಗ ಹನ್ನೆರಡನೇ ವಾರ ನಡೆಯುತ್ತಿತ್ತು. ಈ ಸಲ ಅಜ್ಜ ಬೇಕೆಂದೇ ಬೀಳಿಸಿದ್ದರು. ತೊಪ್ಚೊ ಓಡಿದ. ಓಡಿಹೋಗಿ ತನಗೆ ಹಾಯ್ದಿದ್ದ ಆ ಮುದಿಕುರಿಯ ಹೊಟ್ಟೆಯ ಕೆಳಗೆ ಸೇರಿಕೊಂಡ. ಕುರಿಯೂ ಸುಮ್ಮನೆ ನಿಂತಿತ್ತಂತೆ. ಅಜ್ಜ ಇದನ್ನು ಎರಡು ಸಲ ಹೇಳಿದರು. ಅಜ್ಜಿ ದೇವರ ಪಟದ ಕಡೆ ತಿರುಗಿ ಶಿಲುಬೆಯ ಗುರುತು ಮಾಡಿಕೊಂಡರು. ರುಮೆನಾಗೆ ನೆಮ್ಮದಿಯಾಯಿತು. ಅದರ ಬೆನ್ನಿಗೇ, ಇನ್ನು ಅವನು ತನ್ನವನಲ್ಲ ಎಂದೂ ಅನಿಸಿತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಅವಳ ಹೆಜ್ಜೆ ಕೇಳಿದರೂ ಅವನು ಗೇಟಿಗೆ ಬರುವುದನ್ನು ಬಿಟ್ಟ. ತಲೆ ಎತ್ತುತ್ತಿದ್ದ, ನೋಡುತ್ತಿದ್ದ, ಮತ್ತೆ ತಲೆ ಕೆಳಗಿಡುತ್ತಿದ್ದ.

ಸಂತ ಜಾರ್ಜ್ ಹಬ್ಬದ ಬೆಳಿಗ್ಗೆ ಗೇಟಿಗೆ ಹಸಿರು ಕೊಂಬೆ ಕಟ್ಟಿದರು. ಮುಂದಾಳು ಕುರಿಯ ಕೊರಳಿಗೆ ಅಜ್ಜಿ ಹೂವಿನ ಮಾಲೆ ಹಾಕಿದರು. ತಾನು ಊರ ಹೊರಗಿನ ನೀರಿನ ತೊಟ್ಟಿಯವರೆಗೆ ಬಂದು ಮಂದೆಯನ್ನು ಬೀಳ್ಕೊಡಬಹುದೇ ಎಂದು ರುಮೆನಾ ಕೇಳಿದಳು.

"ಬಾ. ಆದರೆ ಅಲ್ಲಿ ದೊಡ್ಡಿ ಇಲ್ಲ, ಗೇಟೂ ಇಲ್ಲ. ಅವನು ನಿನ್ನ ಹತ್ತಿರ ಬರಬಹುದು. ಬಂದು ನಿನ್ನ ಜೊತೆಗೇ ಉಳಿದರೆ ನಾನು ಅವನನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಲ್ಲ," ಎಂದರು ಅಜ್ಜ.

ಅವಳು ಮೊದಲೇ ಹೋಗಿ ತೊಟ್ಟಿಯ ಪಕ್ಕ ನಿಂತಳು. ದಾರಿ ತುಂಬ ಗಂಟೆಗಳ ಸದ್ದು, ಧೂಳು. ಮಂದೆಯ ಮುಂದೆ ಮುರ್ಜಾ, ಹಿಂದೆ ಅಜ್ಜ. ನಡುವೆ ತೊಪ್ಚೊ. ಎಷ್ಟು ಉದ್ದ ಬೆಳೆದುಬಿಟ್ಟಿದ್ದಾನೆ! ಕಾಲೆಲ್ಲ ಕಾಲೇ. ಅವಳನ್ನು ಕಂಡವನೇ ಅವನು ನಿಂತುಬಿಟ್ಟ. ಅವನನ್ನು ಬಳಸಿಕೊಂಡು ಕುರಿಗಳು ಮುಂದೆ ಹೋದವು. ಅಜ್ಜನೂ ದೂರದಲ್ಲಿ ನಿಂತರು.

ತೊಪ್ಚೊನ ಬಾಲ ಮೆಲ್ಲಗೆ ಅಲ್ಲಾಡಿತು.

ಕೈ ಚಾಚಿದರೆ ಸಾಕಿತ್ತು. ಹೆಸರು ಕರೆದರೆ ಸಾಕಿತ್ತು. ರುಮೆನಾ ಎರಡು ಕೈಯನ್ನೂ ಮುಷ್ಟಿ ಕಟ್ಟಿ, ದಾರಿಗೆ ಬೆನ್ನು ಹಾಕಿ ತಿರುಗಿ ನಿಂತಳು. ಎದುರಿಗೆ ತೊಟ್ಟಿಯ ಕಲ್ಲುಗೋಡೆ, ಅದರ ಮೇಲೆ ಪಾಚಿ. ಪಾಚಿಯನ್ನೇ ನೋಡಿದಳು. ಹಿಂದೆ ಪುಟ್ಟ ಹೆಜ್ಜೆಗಳು ಬಂದವು. ಅವಳ ಮುಷ್ಟಿಗೆ ತಣ್ಣನೆಯ ಒದ್ದೆ ಮೂಗು ತಾಗಿತು. ಒಮ್ಮೆ ಮೂಸಿತು. ಇನ್ನೊಮ್ಮೆ ಮೂಸಿತು. ಅವಳು ಬೆರಳು ಬಿಚ್ಚಲಿಲ್ಲ.

ದಾರಿಯ ಮೇಲಿನಿಂದ ಕುರಿಮರಿಯೊಂದು ಬ್ಯಾ ಎಂದು ಕೂಗಿತು. ಮೂಗು ಸರಿಯಿತು. ಹೆಜ್ಜೆಗಳು ಓಡಿದವು.

ಅವಳು ತಿರುಗಿದಾಗ ಮಂದೆ ತಿರುವಿನ ಹತ್ತಿರ ಇತ್ತು. ಕುರಿಗಳ ಬೆನ್ನುಗಳ ನಡುವೆ ಒಂದು ಬಾಲ ಮೇಲೆದ್ದು ಕಾಣುತ್ತಿತ್ತು. ಒಮ್ಮೆ ಹಿಂತಿರುಗಿ ನೋಡಲಿ ಎಂದು ಅವಳ ಮನಸ್ಸು ಬೇಡಿತು. ನೋಡದೇ ಇರಲಿ ಎಂದೂ ಅದೇ ಮನಸ್ಸು ಬೇಡಿತು.

ಅವನು ನೋಡಲಿಲ್ಲ.

ಗಂಟೆಗಳ ಸದ್ದು ಪೂರ್ತಿ ನಿಲ್ಲುವವರೆಗೆ ರುಮೆನಾ ಅಲ್ಲೇ ನಿಂತಿದ್ದಳು. ಆಮೇಲೆ ಒದ್ದೆಯಾಗಿದ್ದ ಕೈಯನ್ನು ಒರೆಸಿಕೊಳ್ಳದೆ ಮನೆಯ ಕಡೆ ನಡೆದಳು.