ನಾಲಾ ದಂಡೆಯ ಸೆನ್ಸರ್

ಚಾರುಲತಾ ಜಗಳಕ್ಕೆಂದೇ ಬಂದಿದ್ದಳು. ಅವಳಿಗೊಂದು ಮಾತೂ ಹೇಳದೆ ಶ್ರೀಕಾಂತ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಕೇಳಿದ್ದ. ಆದರೆ ಸ್ಕೂಟಿಯಲ್ಲಿ ನಾಲಾ ದಂಡೆ ತಲುಪಿದಾಗ ಅವನ ಕಾಲರ್ ಒಬ್ಬ ದಾಂಡಿಗನ ಮುಷ್ಟಿಯಲ್ಲಿತ್ತು; ಇನ್ನೊಬ್ಬ ಕಬ್ಬಿಣದ ರಾಡಿನಿಂದ ಸೆನ್ಸರ್ ಪೆಟ್ಟಿಗೆಯನ್ನು ಜಜ್ಜುತ್ತಿದ್ದ.

ನಾಗಪುರದ ಸ್ಮಾರ್ಟ್ ಸಿಟಿ ಕೆಲಸದಲ್ಲಿ ಅವರಿಬ್ಬರದು ಜೋಡಿ. ನೀರಿಗೆ ವಿಷ ಬಿದ್ದರೆ ಅವನು ಕೂರಿಸಿದ ಸೆನ್ಸರ್ ಹೇಳುತ್ತಿತ್ತು. ಅವಳು ಕಟ್ಟಿದ ಬ್ಲಾಕ್‌ಚೈನ್ ಅದನ್ನು ಒಮ್ಮೆಲೇ ಹಲವು ಕಂಪ್ಯೂಟರುಗಳಲ್ಲಿ ದಾಖಲಿಸುತ್ತಿತ್ತು. ಆಮೇಲೆ ಯಾರೂ ತಿದ್ದುವಂತಿರಲಿಲ್ಲ. ಆ ಬೆಳಿಗ್ಗೆ ಈ ದಾಂಡಿಗರ ಟ್ಯಾಂಕರ್ ನಾಲಾಕ್ಕೆ ಆ್ಯಸಿಡ್ ಸುರಿದು ಸಿಕ್ಕಿಬಿದ್ದಿತ್ತು.

"ಡಿಲೀಟ್ ಕರ್!" ರಾಡಿನವನು ಅಬ್ಬರಿಸಿದ.

"ನಹೀ ಹೋತಾ, ಭಾವೂ. ಸಬ್ ಜಗಹ್ ಪಹುಂಚ್ ಗಯಾ," ಎಂದ ಶ್ರೀಕಾಂತ. ದಾಖಲೆ ಆಗಲೇ ಎಲ್ಲ ಕಡೆ ತಲುಪಿತ್ತು, ಅಳಿಸಲು ಬರುತ್ತಿರಲಿಲ್ಲ. ತುಟಿ ಸೀಳಿ ರಕ್ತ ಇಳಿಯುತ್ತಿತ್ತು.

ಅಷ್ಟರಲ್ಲಿ ಅವಳನ್ನು ಕಂಡ. ಆಫೀಸಿನಲ್ಲಿ ಕನ್ನಡಕದ ಮೇಲಿಂದ ಕದ್ದು ನೋಡಿ, ಸಿಕ್ಕಿಬಿದ್ದರೆ ಕೆಂಪಾಗುತ್ತಿದ್ದವನ ಕಣ್ಣು ಈಗ 'ಹೋಗು' ಎಂದು ಬೇಡಿತು.

ರಾಡು ಅವನ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು.

ಮರುಕ್ಷಣ ಅವಳ ಸ್ಕೂಟಿ ರಾಡಿನವನ ಸೊಂಟಕ್ಕೆ ಗುದ್ದಿತ್ತು. ಅವನು ಹಾರಿ ನಾಲಾಕ್ಕೆ ಬಿದ್ದ; ರಾಡು ದಂಡೆಯ ಮೇಲೇ ಉಳಿಯಿತು. ಇನ್ನೊಬ್ಬ ಅವಳ ಜಡೆ ಹಿಡಿದು ನೆಲಕ್ಕೆ ಅಪ್ಪಳಿಸಿದ. ಬಾಯಲ್ಲಿ ಮಣ್ಣು, ರಕ್ತ. ಕೈಗೆ ರಾಡು ಸಿಕ್ಕಿತು. ಬೀಸಿದಳು. ಅವನ ಮೊಣಕಾಲು ಒಡೆದು ಅವನು ಕಿರುಚುತ್ತ ಉರುಳಿದ. ಚಹಾದಂಗಡಿಯ ಜನ "ಧರಾ, ಧರಾ!" ಎಂದು ಅವರನ್ನು ಹಿಡಿಯಲು ಓಡಿಬಂದಾಗಲೂ ಅವಳು ರಾಡು ಎತ್ತಿಯೇ ನಿಂತಿದ್ದಳು.

"ಸಾಕ್ರೀ, ಬಿಡ್ರೀ," ಎಂದ ಶ್ರೀಕಾಂತ. ಆಗ ಅವಳು ರಾಡು ಕೆಳಗೆಸೆದಳು.

ಆಸ್ಪತ್ರೆಯಲ್ಲಿ ಅವಳ ಹುಬ್ಬಿಗೆ ಹೊಲಿಗೆ ಬಿತ್ತು.

"ಹುಬ್ಬಳ್ಳಿಗೆ ಯಾಕ ಹೊಂಟಿದ್ದಿ?" ಮೊದಲ ಸಲ ಅವಳ ಬಾಯಿಗೆ ಏಕವಚನ ಬಂದಿತ್ತು.

"ನಿಮ್ಮದು ಬ್ಯಾಂಕಿನ ಹುಡುಗನ ಜೋಡಿ ಮದುವಿ ಗಟ್ಟಿ ಆಗೇತಿ ಅಂದ್ರು. ಎದುರಿಗೇ ಕುಂತು ನೋಡೂದು ಆಗಿದ್ದಿಲ್ಲ."

"ಅಂವಗ ಬ್ಯಾಡ ಅಂದೀನಿ. ಯಾರ ಸಲುವಾಗಿ ಅಂತ ಕೇಳಬೇಕಿತ್ತಲ್ಲ ನೀ?"

ಅವನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮೂಳೆ ಕೂರಿಸಲು ಕೈ ಎಳೆದರು. ಅವನು ಚೀರಿ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. ಉಗುರು ಚರ್ಮದೊಳಗಿಳಿದು ರಕ್ತ ಜಿನುಗಿತು.

"ಚಾರೂ..."

"ಹ್ಞೂಂ. ಗಟ್ಟಿ ಹಿಡಿ," ಎಂದಳು.